ರಿಟರ್ನ್ ಪೈಪಿನಲ್ಲಿ ಫ್ಲೋ ಸೆನ್ಸರ್ ಎಲ್ಲಿ ಕೂರಬೇಕು?

ಪ್ರಶ್ನೆ: ನನ್ನದು 450 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್. ಕೆಳಗೆ ಕ್ಯಾಬಿನೆಟ್ ಒಳಗೆ ಸಂಪ್, ಅಂದರೆ ಟ್ಯಾಂಕಿನಿಂದ ಇಳಿದ ನೀರು ಸೇರುವ ತೊಟ್ಟಿ ಇದೆ. ಗಂಟೆಗೆ 4000 ಲೀಟರ್ ಎಂದು ಬರೆದಿರುವ ಡಿಸಿ ಪಂಪು ಒಂದಿಂಚಿನ ಪಿವಿಸಿ ಪೈಪಿನಲ್ಲಿ (ಇದೇ ರಿಟರ್ನ್ ಪೈಪು) ನೀರನ್ನು ಮತ್ತೆ ಮೇಲೆ ಟ್ಯಾಂಕಿಗೆ ಕಳಿಸುತ್ತದೆ. ದಾರಿಯಲ್ಲಿ ಯುವಿ ಸ್ಟೆರಿಲೈಸರ್‌ಗೆ (ಬೆಳಕಿನಿಂದ ಕ್ರಿಮಿ ಕೊಲ್ಲುವ ಸಾಧನ) ಒಂದು ಟೀ, ಅಂದರೆ ಮೂರು ಬಾಯಿಯ ಪೈಪು ಜೋಡಣೆ ಇದೆ. ಟ್ಯಾಂಕಿನ ಮೇಲೆ ಪೈಪು ಎರಡು ಕವಲಾಗಿ ನೀರು ಬೀಳುತ್ತದೆ. ಪಂಪಿನ ಪಕ್ಕದಲ್ಲೇ, ಎಲ್ಬೋ ಮತ್ತು ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ನಡುವೆ ಹರಿವು ತೋರಿಸುವ ಒಂದು ಫ್ಲೋ ಸೆನ್ಸರ್ ಹಾಕಿದೆ. ಗಂಟೆಗೆ 1700ರಿಂದ 2600 ಲೀಟರ್ ತನಕ ರೀಡಿಂಗ್ ಕುಣಿಯುತ್ತಲೇ ಇದೆ, ಒಂದು ನಿಮಿಷವೂ ನಿಲ್ಲುವುದಿಲ್ಲ. ಸೆನ್ಸರ್ ಕೆಟ್ಟಿದೆಯಾ? ಜಾಗ ತಪ್ಪಾಯಿತಾ? ಅಡ್ಡ ಪೈಪಿನಲ್ಲಿ ಇರಬೇಕಾ, ನೆಟ್ಟಗಿನ ಪೈಪಿನಲ್ಲಾ? ಎನ್‌ಆರ್‌ವಿಗೆ ಮುಂಚೆಯಾ, ಆಮೇಲಾ?

ಉತ್ತರ: ಸೆನ್ಸರ್ ಬಹುಶಃ ಚೆನ್ನಾಗಿಯೇ ಇದೆ. ಇಡೀ ಪೈಪಿನಲ್ಲಿ ಗಲಾಟೆ ಜಾಸ್ತಿ ಇರುವ ಜಾಗದಲ್ಲಿ ಅದನ್ನು ಕೂರಿಸಿದ್ದೀರಿ, ಅಷ್ಟೇ. ಪಂಪಿನಿಂದ ಹೊರಬಿದ್ದ ನೀರು ಸುತ್ತುತ್ತಾ ಬರುತ್ತದೆ. ಎಲ್ಬೋದಲ್ಲಿ ತಿರುಗುವಾಗ ಹೊರಗಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಮುಂದೆ ಎನ್‌ಆರ್‌ವಿಯ ಬಾಗಿಲು ಪಟಪಟ ಅಲ್ಲಾಡುತ್ತಿರುತ್ತದೆ. ಇಷ್ಟರ ನಡುವೆ ಒಂದು ಪುಟ್ಟ ಚಕ್ರ ತಿರುಗಬೇಕು, ಮೇಲಿಂದ ಸಮನಾದ ಲೆಕ್ಕವನ್ನೂ ಕೊಡಬೇಕು ಅಂದರೆ ಕಷ್ಟ ಅಲ್ವಾ?

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. 4000 ಅಂತ ಬರೆದ ಪಂಪು 2600 ದಾಟುತ್ತಿಲ್ಲ ಅನ್ನುವ ಗಾಬರಿ ಬೇಡ. ಡಬ್ಬಿಯ ಮೇಲಿನ ಸಂಖ್ಯೆ ನೀರನ್ನು ಎತ್ತದೆ, ಪೈಪೇ ಇಲ್ಲದೆ ಹರಿಸಿದಾಗಿನದು. ಸಂಪಿನ ನೀರಿನ ಮಟ್ಟದಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ ಎತ್ತಬೇಕಾದ ಎತ್ತರ, ಎಲ್ಬೋಗಳು, ವಾಲ್ವ್‌ಗಳು, ಟೀ ಎಲ್ಲ ಸೇರಿ ಅದರಲ್ಲಿ ದೊಡ್ಡ ಪಾಲನ್ನು ತಿನ್ನುತ್ತವೆ. ಮೊದಲ ಸಲ ಸೆನ್ಸರ್ ಹಾಕಿದ ಎಲ್ಲರಿಗೂ ಈ ಬೇಸರ ಆಗಿಯೇ ಆಗುತ್ತದೆ. 450 ಲೀಟರಿನ ಟ್ಯಾಂಕಿಗೆ ಗಂಟೆಗೆ 2000 ಲೀಟರಿನ ಮೇಲೆ ಹೋಗುತ್ತಿದ್ದರೆ ಸಂಪಿನ ಮಟ್ಟಿಗೆ ಅದು ಧಾರಾಳ.

ಈಗ ಸೆನ್ಸರಿನ ಒಳಗೆ ಏನಾಗುತ್ತದೆ ನೋಡೋಣ. ಅದು ಗೊತ್ತಾದರೆ ಜಾಗದ ಪ್ರಶ್ನೆ ಅರ್ಧ ಮುಗಿದ ಹಾಗೆ. ನಾವು ಅಕ್ವೇರಿಯಂಗೆ ಬಳಸುವ ಹೆಚ್ಚಿನ ಸೆನ್ಸರ್‌ಗಳಲ್ಲಿ ರೆಕ್ಕೆಗಳಿರುವ ಒಂದು ಚಕ್ರ ಇರುತ್ತದೆ. ಚಕ್ರದಲ್ಲಿ ಅಯಸ್ಕಾಂತ. ಗೋಡೆಯ ಆಚೆ, ನೀರು ತಾಕದ ಕಡೆ, ಹಾಲ್ ಸೆನ್ಸರ್ ಅನ್ನುವ ಚಿಪ್. ಅಯಸ್ಕಾಂತ ಎದುರು ಹಾದುಹೋದಾಗಲೆಲ್ಲ ಚಿಪ್ ಒಂದು ಪಲ್ಸ್ ಕೊಡುತ್ತದೆ. ಕಂಟ್ರೋಲರ್ ಆ ಪಲ್ಸ್‌ಗಳನ್ನು ಎಣಿಸಿ ಲೀಟರಿಗೆ ಬದಲಾಯಿಸುತ್ತದೆ. ಸ್ವಂತ ಕಂಟ್ರೋಲರ್ ಕಟ್ಟುವವರು ಬಳಸುವ ಅರ್ಧ ಇಂಚಿನ ವೈಎಫ್-ಎಸ್201 ಇದೆಯಲ್ಲ, ಅದರಲ್ಲಿ ನಿಮಿಷಕ್ಕೆ ಒಂದು ಲೀಟರ್ ಹರಿದರೆ ಸೆಕೆಂಡಿಗೆ ಸುಮಾರು 7.5 ಪಲ್ಸ್. ಅಂದರೆ ಲೀಟರಿಗೆ ಸುಮಾರು 450.

ಸೆನ್ಸರ್ ನೀರನ್ನು ಅಳೆಯುವುದಿಲ್ಲ ಅನ್ನುವುದು ಇಲ್ಲಿ ಗಮನಿಸಬೇಕಾದ ವಿಷಯ. ರೆಕ್ಕೆಗೆ ಬಡಿಯುವ ನೀರಿನ ವೇಗಕ್ಕೆ ಅದು ತಿರುಗುತ್ತದೆ. ಉಳಿದದ್ದೆಲ್ಲ ಊಹೆ. ಪೈಪು ತುಂಬಿ ಹರಿಯುತ್ತಿದೆ ಅನ್ನುವುದು ಮೊದಲ ಊಹೆ. ನೀರು ಸುತ್ತದೆ ನೇರವಾಗಿ ಬರುತ್ತಿದೆ ಅನ್ನುವುದು ಎರಡನೆಯದು. ಈ ಎರಡೂ ನಿಜವಾಗಿರುವ ಜಾಗದಲ್ಲಿ ಕೂರಿಸಿದರೆ ಅಗ್ಗದ ಸೆನ್ಸರ್ ಕೂಡ ಮರ್ಯಾದೆಯಾಗಿ ಕೆಲಸ ಮಾಡುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ದುಬಾರಿ ಸೆನ್ಸರ್ ಕೂಡ ಸುಳ್ಳು ಹೇಳುತ್ತದೆ.

ನೀರು ನೇರವಾಗಿ ಬರಬೇಕಾದರೆ ಸೆನ್ಸರಿನ ಮುಂಚೆ ಸ್ವಲ್ಪ ದೂರ ತಿರುವಿಲ್ಲದ ಪೈಪು ಬೇಕು. ಪೈಪಿನ ಒಳ ಅಗಲದ 10 ಪಟ್ಟು ಮುಂಚೆ, 5 ಪಟ್ಟು ಆಮೇಲೆ ಅನ್ನುವುದು ಈ ಕೆಲಸದಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. ಒಂದಿಂಚಿನ ಪೈಪಿಗೆ ಸುಮಾರು 25 ಸೆಂಟಿಮೀಟರ್ ಮುಂಚೆ, 12–13 ಸೆಂಟಿಮೀಟರ್ ಆಮೇಲೆ. ಇದು ಕನಿಷ್ಠ. ಎಲ್ಬೋ ಆದ ಮೇಲೆ 20 ಪಟ್ಟು ಬಿಡಿ, ಅರ್ಧ ಮುಚ್ಚಿದ ವಾಲ್ವ್ ಆದ ಮೇಲೆ 50 ಪಟ್ಟು ತನಕ ಬಿಡಿ ಎಂದು ಕೇಳುವ ತಯಾರಕರೂ ಇದ್ದಾರೆ. ಅದು ಕಾರ್ಖಾನೆಗಳಿಗೆ ಸರಿ. ನಮ್ಮ ಕ್ಯಾಬಿನೆಟ್ ಒಳಗೆ 50 ಪಟ್ಟು ಅಂದರೆ ಪೈಪು ಬಾಗಿಲಿನಿಂದ ಆಚೆ ಹೋಗುತ್ತದೆ. ಆದರೆ ಅದರ ಹಿಂದಿನ ಕಾರಣ ನಮಗೂ ಬೇಕು. ಹರಿವು ಕಡಿಮೆ ಮಾಡಲು ತಿರುಗಿಸುವ ವಾಲ್ವ್ ಯಾವಾಗಲೂ ಸೆನ್ಸರ್ ದಾಟಿದ ಮೇಲೆ ಇರಲಿ, ಮುಂಚೆ ಬೇಡ. ಅರ್ಧ ಮುಚ್ಚಿದ ಬಾಲ್ ವಾಲ್ವ್ ನೀರನ್ನು ಒಂದೇ ಪಕ್ಕಕ್ಕೆ ಪಿಚಕಾರಿಯಂತೆ ಚಿಮ್ಮಿಸುತ್ತದೆ. ಆ ಧಾರೆ ರೆಕ್ಕೆಗೆ ನೇರ ಬಿದ್ದರೆ ಲೆಕ್ಕ ಜಾಸ್ತಿ, ಪಕ್ಕದಲ್ಲಿ ಜಾರಿದರೆ ಕಡಿಮೆ. ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸಂಖ್ಯೆ ಎಲ್ಲಿಂದೆಲ್ಲಿಗೋ ಹಾರುತ್ತದೆ.

ಇಷ್ಟು ನೇರ ಪೈಪು ಕ್ಯಾಬಿನೆಟ್ ಒಳಗೆ ಸಿಗುವುದು ಅಪರೂಪ. ಸಿಗುವುದು ಟ್ಯಾಂಕಿನ ಹಿಂದೆ ನೆಟ್ಟಗೆ ಮೇಲೇರುವ ಪೈಪಿನಲ್ಲಿ. ಅಲ್ಲಿ ಸುಮ್ನೆ ಮುಕ್ಕಾಲು ಮೀಟರ್ ನೇರ ಪೈಪು ಯಾವ ಕೆಲಸಕ್ಕೂ ಇಲ್ಲದೆ ನಿಂತಿರುತ್ತದೆ. ನನ್ನ ಮಟ್ಟಿಗೆ ಸೆನ್ಸರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನೇರ ಉದ್ದ ಸಿಗುತ್ತದೆ ಅನ್ನುವುದು ಒಂದೇ ಕಾರಣ ಅಲ್ಲ. ಕೆಳಗಿಂದ ಮೇಲೆ ಹೋಗುವ ನೀರು ಪೈಪನ್ನು ತುಂಬದೆ ಮೇಲೆ ಹೋಗಲಾರದು. ಸಂಪಿನಿಂದ ಬಂದ ಸಣ್ಣ ಗುಳ್ಳೆಗಳೂ ನೀರಿನ ಜೊತೆಗೇ ಮೇಲೆ ಹೋಗಿಬಿಡುತ್ತವೆ, ಸೆನ್ಸರ್ ಒಳಗೆ ಗೂಡು ಕಟ್ಟುವುದಿಲ್ಲ. ಕಸವೂ ಒಂದೆಡೆ ಕೂರುವುದಿಲ್ಲ. ಮೇಲಿಂದ ಕೆಳಗೆ ಇಳಿಯುವ ಪೈಪಿನಲ್ಲಿ ಮಾತ್ರ ಹಾಕಬೇಡಿ. ಅಲ್ಲಿ ನೀರು ತನ್ನ ಭಾರಕ್ಕೆ ಜಾರಿ, ಪೈಪಿನ ಒಂದು ಪಕ್ಕ ಖಾಲಿ ಉಳಿಯಬಹುದು.

ಹಿಂದೆ ಕೈ ಹೋಗುವುದೇ ಇಲ್ಲ, ಅಡ್ಡ ಪೈಪೇ ಗತಿ ಅನ್ನುವವರು ಚಕ್ರ ಇರುವ ಗೂಡು ಪಕ್ಕಕ್ಕೆ ಬರುವಂತೆ ತಿರುಗಿಸಿ ಕೂರಿಸಿ. ಗೂಡು ಮೇಲ್ಮುಖವಾಗಿದ್ದರೆ ಗುಳ್ಳೆ ಅಲ್ಲಿ ಸೇರುತ್ತದೆ, ಕೆಳಮುಖವಾಗಿದ್ದರೆ ಮರಳು, ಕಸ. ಅಡ್ಡ ಪೈಪು ಇಡೀ ದಾರಿಯ ಎತ್ತರದ ಜಾಗ ಆಗಿರಬಾರದು. ಟ್ಯಾಂಕಿನ ಅಂಚು ಹತ್ತಿ ಇಳಿಯುವ ಆ ಕೊನೆಯ ಬಳುಕಿನಲ್ಲಿ ಸೆನ್ಸರ್ ಇಟ್ಟವರನ್ನು ನೋಡಿದ್ದೇನೆ. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ನಿಜ. ಆದರೆ ಪೈಪಿನ ಗಾಳಿಯೆಲ್ಲ ಕೊನೆಗೆ ಸೇರುವುದು ಅಲ್ಲಿಗೇ. ಪಂಪು ನಿಂತಾಗ ಮೊದಲು ಖಾಲಿಯಾಗುವುದೂ ಅದೇ.

ಇನ್ನು, ಏನೇ ಆದರೂ ಹಾಕಬಾರದ ಜಾಗ ಎರಡಿವೆ. ಒಂದು, ಪಂಪಿನ ನೀರು ಎಳೆಯುವ ಬಾಯಿ. ಎಳೆಯುವ ಕಡೆ ತಡೆ ಇದ್ದರೆ ಪಂಪಿಗೆ ಆಗಿಬರುವುದಿಲ್ಲ. ಸದ್ದು ಮಾಡುತ್ತದೆ, ಗಾಳಿ ಬಿಡುತ್ತದೆ, ಬೇಗ ಹಾಳಾಗುತ್ತದೆ. ಎರಡು, ಟ್ಯಾಂಕಿನಿಂದ ಕೆಳಗಿಳಿಯುವ ಡ್ರೇನ್. ಈ ಎರಡನೆಯದನ್ನು ಪುಸ್ತಕ ಓದಿ ಕಲಿತವನಲ್ಲ ನಾನು. ಶುರುವಿನ ದಿನಗಳಲ್ಲಿ "ಎಷ್ಟು ನೀರು ಇಳಿಯುತ್ತಿದೆ ಅಂತ ಗೊತ್ತಾದರೆ ಸಾಕಲ್ಲ" ಅಂದುಕೊಂಡು ಡ್ರೇನಿಗೇ ಸೆನ್ಸರ್ ಹಾಕಿದ್ದೆ. ಮೂರು ವಾರ ಚೆನ್ನಾಗಿಯೇ ಇತ್ತು. ಒಂದು ರಾತ್ರಿ ಕಡಲೆಕಾಳಿನಷ್ಟು ದೊಡ್ಡ ಬಸವನಹುಳು ಓವರ್‌ಫ್ಲೋ ಪೆಟ್ಟಿಗೆಯ (ಟ್ಯಾಂಕಿನ ನೀರು ಉಕ್ಕಿ ಡ್ರೇನಿಗೆ ಬೀಳುವ ಜಾಗ) ಹಲ್ಲುಗಳನ್ನು ದಾಟಿ, ಪೈಪಿನಲ್ಲಿ ಜಾರಿ, ಸೆನ್ಸರಿನ ಚಕ್ರಕ್ಕೆ ಸಿಕ್ಕಿಕೊಂಡಿತು. ಇಳಿಯುವ ನೀರು ನಿಂತಿತು, ಏರುವ ನೀರು ನಿಲ್ಲಲಿಲ್ಲ. ಬೆಳಿಗ್ಗೆ ಎದ್ದು ಕಾಲಿಟ್ಟದ್ದೇ ನೀರಿನೊಳಗೆ. ಹುಳು ಮಾತ್ರ ಆರಾಮಾಗಿತ್ತು.

ಡ್ರೇನಿನಲ್ಲಿ ಇನ್ನೊಂದು ತೊಂದರೆ. ಗಾಳಿ ಬೆರೆತು ಗುಳುಗುಳು ಇಳಿಯುವ ಡ್ರೇನಿನಲ್ಲಿ ಪೈಪು ತುಂಬಿರುವುದೇ ಇಲ್ಲ, ಹಾಗಾಗಿ ಲೆಕ್ಕ ಅರ್ಥವಿಲ್ಲದ್ದು. ಪೂರ್ತಿ ತುಂಬಿ ಸೈಫನ್ ಆಗಿ ಇಳಿಯುವ ಡ್ರೇನಿನಲ್ಲಿ ಲೆಕ್ಕ ಸರಿ ಬರಬಹುದು, ಆದರೆ ಅಡ್ಡಿ ಅಡ್ಡಿಯೇ. ಅಷ್ಟಕ್ಕೂ ಅಲ್ಲಿ ಅಳೆಯುವ ಅಗತ್ಯ ಏನಿದೆ? ಟ್ಯಾಂಕಿನ ಮಟ್ಟ ಸ್ಥಿರವಾಗಿದ್ದರೆ ಎಷ್ಟು ಏರುತ್ತದೋ ಅಷ್ಟೇ ಇಳಿಯುತ್ತದೆ. ಡ್ರೇನ್ ಕಟ್ಟಿಕೊಂಡರೆ ಹೇಳಬೇಕಾದದ್ದು ಟ್ಯಾಂಕಿನ ಅಂಚಿನ ಫ್ಲೋಟ್ ಸ್ವಿಚ್, ಅಂದರೆ ನೀರಿನ ಮಟ್ಟ ಏರಿದಾಗ ತೇಲಿ ಸುಳಿವು ಕೊಡುವ ಸ್ವಿಚ್. ಅದು ಸಣ್ಣ ವಸ್ತು, ನೀರಿನ ದಾರಿಗೆ ಅಡ್ಡ ನಿಲ್ಲುವುದಿಲ್ಲ.

ಜಾಗದ ವಿಚಾರದಲ್ಲಿ ಹೆಚ್ಚಿನವರು ಯೋಚಿಸದ ಒಂದು ಪ್ರಶ್ನೆ ಇದೆ: ಈ ಸೆನ್ಸರಿನಿಂದ ನಿಮಗೆ ಗೊತ್ತಾಗಬೇಕಾದದ್ದು ಏನು? ನಿಮ್ಮ ಪೈಪಿನಲ್ಲಿ ಯುವಿಗೆ ಹೋಗುವ ಟೀ ಇದೆ. ಟೀ ಮುಂಚೆ ಹಾಕಿದರೆ ಪಂಪಿನ ಒಟ್ಟು ಕೆಲಸ ಕಾಣುತ್ತದೆ. ಟೀ ಆದ ಮೇಲೆ, ಮೇಲೇರುವ ಪೈಪಿನಲ್ಲಿ ಹಾಕಿದರೆ ಟ್ಯಾಂಕಿಗೆ ನಿಜವಾಗಿ ಹೋಗುವ ನೀರು ಕಾಣುತ್ತದೆ. ನಾನಾಗಿದ್ದರೆ ಎರಡನೆಯದನ್ನೇ ಆರಿಸುತ್ತೇನೆ. ಯುವಿ ಕಡೆಯ ಪೈಪು ಕಳಚಿ ಕ್ಯಾಬಿನೆಟ್ ಒಳಗೆ ನೀರು ಚೆಲ್ಲತೊಡಗಿದರೆ, ಟೀ ಮುಂಚಿನ ಸೆನ್ಸರ್ "ಹರಿವು ಚೆನ್ನಾಗಿದೆ" ಅನ್ನುತ್ತಲೇ ಇರುತ್ತದೆ. ಮೇಲೇರುವ ಪೈಪಿನ ಸೆನ್ಸರ್ ಮಾತ್ರ ಕಡಿಮೆ ಆಯಿತು ಅಂತ ಕೂಗುತ್ತದೆ.

ಇದೇ ಲೆಕ್ಕದ ಇನ್ನೊಂದು ಮುಖ ನನಗೆ ತುಂಬ ಇಷ್ಟ. ಯುವಿ ದಾರಿ ನಿಧಾನವಾಗಿ ಕಟ್ಟಿಕೊಂಡರೆ ಮೇಲೇರುವ ಪೈಪಿನ ರೀಡಿಂಗ್ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ. ಅಲ್ಲಿ ಹೋಗಲಾರದ ನೀರು ಇಲ್ಲಿ ಹೋಗುತ್ತದೆ. ಹಾಗೆಯೇ ಸೆನ್ಸರಿನ ಮೇಲೆ ಪೈಪು ಒಡೆದರೆ, ಎತ್ತಬೇಕಾದ ಎತ್ತರ ಕಡಿಮೆಯಾದ್ದರಿಂದ ಹರಿವು ದಿಢೀರ್ ಏರುತ್ತದೆ. ಹಾಗಾಗಿ ಕಂಟ್ರೋಲರಿನಲ್ಲಿ ಕೆಳಗಿನ ಮಿತಿ ಒಂದೇ ಸಾಲದು, ಮೇಲಿನ ಮಿತಿಯೂ ಇರಲಿ. ಸಂಖ್ಯೆ ಏರಿದರೆ ಖುಷಿಪಡುವವರೇ ಜಾಸ್ತಿ. ಯಾರೂ ಏನೂ ಮುಟ್ಟದೆ ಏರಿದರೆ ಮೊದಲು ಟಾರ್ಚ್ ಹಿಡಿದು ಕ್ಯಾಬಿನೆಟ್ ಬಗ್ಗಿ ನೋಡಬೇಕು.

ಮೇಲೆ ಎರಡು ಕವಲಾಗುವ ಜಾಗಕ್ಕೂ ಇದೇ ಮಾತು. ಸೆನ್ಸರ್ ಕವಲಿನ ಕೆಳಗೇ ಇರಲಿ. ಒಂದು ಕವಲಿನಲ್ಲಿ ಮಾತ್ರ ಇಟ್ಟರೆ, ಪಕ್ಕದ ಬಾಯಿಗೆ ಪಾಚಿ ಕಟ್ಟಿದಾಗ ಈ ಕಡೆಯ ಸಂಖ್ಯೆ ಏರಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಯುವಿ ಒಳಗೆ ನೀರು ಎಷ್ಟು ಹೊತ್ತು ಇರುತ್ತದೆ ಅನ್ನುವುದೂ ನಿಮಗೆ ಬೇಕಿದ್ದರೆ ಆ ದಾರಿಗೆ ಬೇರೆ ಸಣ್ಣ ಸೆನ್ಸರ್ ಹಾಕಿ, ವಾಲ್ವ್ ಅದರ ಆಚೆ ಇರಲಿ. ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಇರುವವರಿಗೂ ಹಾಗೆಯೇ. ಹರಿವು ನಿಂತ ಚಿಲ್ಲರ್ ಓಡುತ್ತಲೇ ಇದ್ದರೆ ಒಳಗಿನ ನೀರು ಹೆಪ್ಪುಗಟ್ಟಬಹುದು.

ಎನ್‌ಆರ್‌ವಿ ಪ್ರಶ್ನೆಗೆ ಬರೋಣ. ನಿಮ್ಮ ಜೋಡಣೆಯಲ್ಲಿ ಎನ್‌ಆರ್‌ವಿ ಕೆಳಗೆ, ಸೆನ್ಸರ್ ಸಾಕಷ್ಟು ಮೇಲೆ, ಅದರ ಮೇಲೆ ಒಂದು ಬಾಲ್ ವಾಲ್ವ್ ಇದ್ದರೆ ಚೆನ್ನ. ಸೆನ್ಸರ್ ಬಿಚ್ಚಬೇಕಾದಾಗ ಮೇಲಿನ ವಾಲ್ವ್ ಮುಚ್ಚಿದರೆ ಟ್ಯಾಂಕಿನ ನೀರು ಇಳಿಯುವುದಿಲ್ಲ, ನಡುವಿನ ಒಂದು ಲೋಟ ನೀರು ಮಾತ್ರ ಚೆಲ್ಲುತ್ತದೆ. ಎನ್‌ಆರ್‌ವಿಯನ್ನೇ ನಂಬಿ ಕೂರಬೇಡಿ ಅಂತಲೂ ಹೇಳಬೇಕು. ಉಪ್ಪುನೀರಿನಲ್ಲಿ ಅದರ ಬಾಗಿಲಿಗೆ ಸುಣ್ಣ ಕಟ್ಟುತ್ತದೆ, ಒಂದು ಎಳೆ ಪಾಚಿ ಸಿಕ್ಕಿದರೂ ಸೋರುತ್ತದೆ. ಪಂಪು ನಿಂತಾಗ ಹಿಂದಕ್ಕೆ ಬರುವ ನೀರಿಗೆಲ್ಲ ಸಂಪಿನಲ್ಲಿ ಜಾಗ ಇರಲೇಬೇಕು.

ಆ ಹಿಂದಕ್ಕೆ ಬರುವ ನೀರಿನಲ್ಲಿ ಒಂದು ತಮಾಷೆ ಇದೆ. ಮಾಮೂಲಿ ಚಕ್ರದ ಸೆನ್ಸರಿಗೆ ದಿಕ್ಕು ಗೊತ್ತಿಲ್ಲ. ಹಿಂದಕ್ಕೆ ತಿರುಗಿದರೂ ಪಲ್ಸ್ ಕೊಡುತ್ತದೆ. ಕರೆಂಟ್ ಹೋಗಿ ಪಂಪು ನಿಂತಿದೆ, ಕಂಟ್ರೋಲರ್ ಮಾತ್ರ ಯುಪಿಎಸ್ ಮೇಲೆ ಬದುಕಿದೆ ಅಂದುಕೊಳ್ಳಿ. ತೆರೆಯಲ್ಲಿ ಇನ್ನೂ ಹರಿವು ಕಾಣುತ್ತಿರುತ್ತದೆ. ಇದನ್ನು ನೋಡಿ "ಸೆನ್ಸರ್ ಹುಚ್ಚು ಹಿಡಿದಿದೆ" ಅನ್ನುವವರಿದ್ದಾರೆ. ಇಲ್ಲ, ಅದು ಹಿಂದಕ್ಕೆ ಸೋರುತ್ತಿರುವ ನೀರನ್ನು ಎಣಿಸುತ್ತಿದೆ. ಇದನ್ನೇ ಪರೀಕ್ಷೆಯಾಗಿ ಬಳಸಬಹುದು. ತಿಂಗಳಿಗೊಮ್ಮೆ ಪಂಪು ಆರಿಸಿ ತೆರೆ ನೋಡಿ. ಎನ್‌ಆರ್‌ವಿ ಗಟ್ಟಿಯಾಗಿದ್ದರೆ ಒಂದೆರಡು ಸೆಕೆಂಡಿನಲ್ಲಿ ಸೊನ್ನೆ. ಅರ್ಧ ನಿಮಿಷ ಆದರೂ ಪಲ್ಸ್ ಬರುತ್ತಿದ್ದರೆ ಎನ್‌ಆರ್‌ವಿ ಬಿಚ್ಚಿ ತೊಳೆಯುವ ಹೊತ್ತು. ಚಕ್ರವನ್ನು ತಿರುಗಿಸಲಾರದಷ್ಟು ಸಣ್ಣ ಸೋರಿಕೆ ಇದರಲ್ಲಿ ಕಾಣುವುದಿಲ್ಲ, ಅದನ್ನು ಸಂಪಿನ ಮಟ್ಟ ನೋಡಿಯೇ ಹಿಡಿಯಬೇಕು.

ಸೆನ್ಸರಿನ ಅಳತೆ ಎಷ್ಟಿರಬೇಕು ಅಂತ ನೀವು ಕೇಳಿಲ್ಲ, ಆದರೆ ಜಾಗದಷ್ಟೇ ಅದೂ ಮುಖ್ಯ. ನಿಮ್ಮದು ಗಂಟೆಗೆ 2400 ಲೀಟರ್ ಅಂತಿಟ್ಟುಕೊಂಡರೆ ನಿಮಿಷಕ್ಕೆ 40 ಲೀಟರ್. ಮೇಲೆ ಹೇಳಿದ ಅರ್ಧ ಇಂಚಿನ ಸೆನ್ಸರಿನ ಮಿತಿ ನಿಮಿಷಕ್ಕೆ 30. ಅಂದರೆ ಅದು ನಿಮಗೆ ಆಗುವುದೇ ಇಲ್ಲ. ಆದರೂ ತುರುಕಿದರೆ ಹರಿವನ್ನು ಅಳೆಯಲು ಹೋಗಿ ಹರಿವನ್ನೇ ಕೊಂದ ಹಾಗಾಗುತ್ತದೆ. ದಾರಿಯ ಅಗಲ ಅರ್ಧ ಆದರೆ ಅಷ್ಟೇ ನೀರಿಗೆ ವೇಗ 4 ಪಟ್ಟು ಬೇಕು, ಅಲ್ಲಿ ಕಳೆದುಹೋಗುವ ಒತ್ತಡ ಸುಮಾರು 16 ಪಟ್ಟು. ಒಂದಿಂಚಿನ ಪೈಪಿನಲ್ಲಿ ನಿಮ್ಮ ನೀರಿನ ವೇಗ ಸೆಕೆಂಡಿಗೆ ಸುಮಾರು 1.25 ಮೀಟರ್. ಚಕ್ರಕ್ಕೆ ಇದು ಹದವಾದ ವೇಗ. ಹಾಗಂತ ದೊಡ್ಡದಿದ್ದಷ್ಟೂ ಒಳ್ಳೆಯದು ಅಂತಲೂ ಇಲ್ಲ. ಅದೇ ನೀರು ಒಂದೂವರೆ ಇಂಚಿನ ಪೈಪಿಗೆ ಬಂದರೆ ವೇಗ ಅರ್ಧ ಮೀಟರ್ ಆಸುಪಾಸು. ಪಂಪಿನ ಸ್ಪೀಡ್ ಸ್ವಲ್ಪ ಇಳಿಸಿದರೆ ಚಕ್ರ ತೂಕಡಿಸುತ್ತದೆ. ಪೈಪಿನ ಅಳತೆಯದೇ ಸೆನ್ಸರ್ ತೆಗೆದುಕೊಳ್ಳಿ, ಪೆಟ್ಟಿಗೆಯ ಮೇಲಿನ ಕನಿಷ್ಠ-ಗರಿಷ್ಠ ನೋಡಿ, ನಿಮ್ಮ ಹರಿವು ನಡುವೆ ಬರಲಿ.

ಯಾವುದರಿಂದ ಮಾಡಿದ್ದು ಅಂತಲೂ ನೋಡಿ. ಹಿತ್ತಾಳೆ ಮೈಯ ಸೆನ್ಸರ್ ಗಟ್ಟಿಮುಟ್ಟಾಗಿ ಕಾಣುತ್ತದೆ. ಹಿತ್ತಾಳೆಯಲ್ಲಿ ತಾಮ್ರ ಇದೆ. ಹವಳ, ಸೀಗಡಿ, ಬಸವನಹುಳುಗಳಿಗೆ ತಾಮ್ರ ವಿಷ. ಹಾಗಾಗಿ ಅದು ನಿಮ್ಮ ಟ್ಯಾಂಕಿನ ಹತ್ತಿರವೂ ಬೇಡ. ಪ್ಲಾಸ್ಟಿಕ್ ಮೈಯ ಸೆನ್ಸರಿನಲ್ಲೂ ಒಳಗಿನ ಕಡ್ಡಿ ಲೋಹದ್ದಾಗಿದ್ದರೆ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಅಯಸ್ಕಾಂತದ ಮೇಲಿನ ಹೊದಿಕೆ ಬಿರಿದರೆ ಅದೂ ತುಕ್ಕು ಹಿಡಿದು ಉಬ್ಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಕಡ್ಡಿ ಸೆರಾಮಿಕ್ ಆಗಿದ್ದು ಅಯಸ್ಕಾಂತ ಪ್ಲಾಸ್ಟಿಕ್ಕಿನೊಳಗೆ ಪೂರ್ತಿ ಮುಚ್ಚಿದ್ದರೆ ನೆಮ್ಮದಿ.

ಕೂರಿಸುವಾಗ ಎರಡೂ ಪಕ್ಕ ಯೂನಿಯನ್ (ಪೈಪು ಕತ್ತರಿಸದೆ ತಿರುಗಿಸಿ ಬಿಚ್ಚಬಹುದಾದ ಜೋಡಣೆ) ಹಾಕಿ. ಇದರಲ್ಲಿ ಜಿಪುಣತನ ಬೇಡ, ಈ ಸೆನ್ಸರನ್ನು ನೀವು ಬಿಚ್ಚಿಯೇ ಬಿಚ್ಚುತ್ತೀರಿ. ಪಿವಿಸಿ ಸೊಲ್ಯೂಷನ್ ಹಚ್ಚುವ ಕೆಲಸವೆಲ್ಲ ಮುಗಿದು ಒಣಗಿದ ಮೇಲೆ ಕೊನೆಗೆ ಸೆನ್ಸರ್ ತಿರುಗಿಸಿ. ಒಂದು ತೊಟ್ಟು ಸೊಲ್ಯೂಷನ್ ಒಳಗೆ ಹರಿದರೆ ಚಕ್ರ ಶಾಶ್ವತವಾಗಿ ಅಂಟಿಕೊಂಡಿತು ಅಂತಲೇ ಅರ್ಥ. ಮರೆ (ಥ್ರೆಡ್) ಯಾವ ಬಗೆಯದು ಅಂತ ಖಚಿತ ಮಾಡಿಕೊಳ್ಳಿ. ಬಿಎಸ್‌ಪಿ (ಬ್ರಿಟಿಷ್ ಬಗೆ) ಮರೆ ಮತ್ತು ಎನ್‌ಪಿಟಿ (ಅಮೆರಿಕನ್ ಬಗೆ) ಮರೆ ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಇಂಚಿಗೆ 14 ಸುತ್ತೇ ಇರುವುದರಿಂದ ಒಂದಕ್ಕೊಂದು ಹತ್ತಿದ ಹಾಗೆ ಕಾಣುತ್ತವೆ. ಆದರೆ ಮರೆಯ ಕೋನ ಬೇರೆ, ಎನ್‌ಪಿಟಿ ತುದಿಗೆ ಹೋದಂತೆ ಸಣ್ಣಗಾಗುತ್ತದೆ. ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಜಿನುಗುತ್ತದೆ. ಒಂದಿಂಚಿನಲ್ಲಿ ಸುತ್ತುಗಳೇ ಬೇರೆ, ಒಂದಕ್ಕೆ 11, ಇನ್ನೊಂದಕ್ಕೆ 11.5. ಪ್ಲಾಸ್ಟಿಕ್ ಮರೆಯನ್ನು ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರಿನಲ್ಲಿ ಸ್ವಲ್ಪವೇ ಸ್ವಲ್ಪ. ಮೈಮೇಲಿನ ಬಾಣದ ಗುರುತು ನೀರು ಹೋಗುವ ದಿಕ್ಕಿಗೇ ಇರಬೇಕು ಅಂತ ಹೇಳಬೇಕಿಲ್ಲ. ಆದರೂ ಹೇಳುತ್ತಿದ್ದೇನೆ, ನಾನೇ ಉಲ್ಟಾ ಹಾಕಿದ್ದಿದೆ.

ವೈರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಂಪಿನ ಪವರ್ ವೈರಿಗೆ ಸುತ್ತಿಕೊಂಡು ಹೋಗದಿರಲಿ. ನೀರು ವೈರಿನ ಗುಂಟ ಹರಿದು ಕಂಟ್ರೋಲರಿಗೆ ಸೇರದಂತೆ ಒಂದು ಕಡೆ ಕೆಳಗೆ ಜೋಲು ಬಿಡಿ. ಸ್ವಂತ ಬೋರ್ಡ್ ಕಟ್ಟುವವರು ಸೆನ್ಸರಿಗೆ 5 ವೋಲ್ಟ್ ಕೊಟ್ಟರೂ, ಪಲ್ಸ್ ವೈರನ್ನು 3.3 ವೋಲ್ಟಿನ ಬೋರ್ಡಿಗೆ ನೇರ ಕೊಡುವ ಮುಂಚೆ ಎರಡು ಸಲ ಯೋಚಿಸಿ.

ಇನ್ನು ಸಂಖ್ಯೆ ಸರಿಯೋ ತಪ್ಪೋ ನೋಡುವುದು ಹೇಗೆ? ಬಕೆಟ್ಟೇ ಗತಿ. ಟ್ಯಾಂಕಿಗೆ ಬೀಳುವ ನೀರನ್ನು ಅಳತೆ ಗೊತ್ತಿರುವ ಬಕೆಟ್ಟಿಗೆ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. 10 ಲೀಟರ್ 15 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 2400. ಆದರೆ ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಪೈಪಿನ ಬಾಯನ್ನು ತಿರುಗಿಸಿ ನೆಲದ ಮೇಲಿಟ್ಟ ಬಕೆಟ್ಟಿಗೆ ಬಿಡುತ್ತಾರೆ. ಎತ್ತರ ಇಳಿದ ತಕ್ಷಣ ಹರಿವು ಜಾಸ್ತಿಯಾಗುತ್ತದೆ, ಅಳೆದದ್ದು ಬೇರೆ ಪಂಪಿನದೇ ಅನ್ನುವ ಹಾಗೆ ಆಗುತ್ತದೆ. ನೀರು ಬೀಳುವ ಎತ್ತರ ಟ್ಯಾಂಕಿನ ನೀರಿನ ಮಟ್ಟದಲ್ಲೇ ಇರಬೇಕು. ಎರಡು ಬಾಯಿ ಇರುವುದರಿಂದ ಎರಡರದ್ದೂ ಹಿಡಿಯಬೇಕು, ಒಂದನ್ನು ಮುಚ್ಚಿ ಇನ್ನೊಂದನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಮನೆಯಲ್ಲಿ ಇನ್ನೊಬ್ಬರ ಕೈ ಬೇಕು. ಮೂರು ಸಲ ಮಾಡಿ ಸರಾಸರಿ ತೆಗೆದು ಕಂಟ್ರೋಲರಿಗೆ ಕೊಡಿ.

ಹಾಗೆ ಮಾಡಿದರೂ ನೂರಕ್ಕೆ ನಾಲ್ಕೈದು ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಇರಲಿ ಬಿಡಿ. ಗಂಟೆಗೆ 2400ಕ್ಕೂ 2300ಕ್ಕೂ ಮೀನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಮಗೆ ಬೇಕಾದದ್ದು ನಿನ್ನೆಗೂ ಇವತ್ತಿಗೂ ಆದ ಬದಲಾವಣೆ. ಮೊದಲ ವಾರದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದರಿಂದ ಐದನೇ ಒಂದು ಭಾಗ ಕಡಿಮೆಯಾದರೆ ಎಚ್ಚರಿಕೆ, ಅರ್ಧಕ್ಕಿಳಿದರೆ ಅಲಾರಂ ಎಂದು ಇಡುವುದು ನನ್ನ ರೂಢಿ. ಕಂಟ್ರೋಲರ್ ಹತ್ತು ಸೆಕೆಂಡಿನ ಸರಾಸರಿ ತೆಗೆಯಲಿ. ಕಡಿಮೆ ರೀಡಿಂಗ್ ಒಂದು ನಿಮಿಷ ಹಾಗೇ ನಿಂತರೆ ಮಾತ್ರ ಕೂಗಲಿ. ಇಲ್ಲದಿದ್ದರೆ ಒಂದು ಗುಳ್ಳೆಗೆಲ್ಲ ಅರ್ಧರಾತ್ರಿ ಎಬ್ಬಿಸುತ್ತದೆ, ನಾಲ್ಕನೇ ಸಲಕ್ಕೆ ನೀವೇ ಅಲಾರಂ ಆರಿಸಿಬಿಡುತ್ತೀರಿ. ಮೀನಿಗೆ ಊಟ ಹಾಕುವಾಗ ಪಂಪು ನಿಲ್ಲಿಸುವ ಅಭ್ಯಾಸ ಇದ್ದರೆ ಆ ಹೊತ್ತಿಗೆ ಅಲಾರಂ ಸುಮ್ಮನಿರುವಂತೆ ಹೇಳಿಡಿ. ನಿಮ್ಮದು ಡಿಸಿ ಪಂಪು, ಸ್ಪೀಡ್ ಬದಲಿಸಿದಾಗ ಮಿತಿಗಳನ್ನೂ ಬದಲಿಸಬೇಕು. ಸ್ಪೀಡ್ ಅರ್ಧ ಮಾಡಿದರೆ ಹರಿವು ಅರ್ಧಕ್ಕಿಂತ ತುಂಬಾ ಕೆಳಗೆ ಹೋಗುತ್ತದೆ. ಇನ್ನೂ ಇಳಿಸಿದರೆ ಪಂಪು ತಿರುಗುತ್ತಲೇ ಇರುತ್ತದೆ, ನೀರು ಪೈಪಿನಲ್ಲಿ ಹಾಗೇ ನಿಂತಿರುತ್ತದೆ, ಒಂದು ಹನಿಯೂ ಟ್ಯಾಂಕಿಗೆ ಬೀಳುವುದಿಲ್ಲ. ಪಂಪಿನ ಕರೆಂಟ್ ನೋಡಿ ಇದನ್ನು ಹಿಡಿಯಲಾಗದು. ಸೆನ್ಸರ್ ಇರುವುದೇ ಇದಕ್ಕೆ.

ಕೆಲವು ತಿಂಗಳ ನಂತರ ಸಂಖ್ಯೆ ಮೆಲ್ಲಗೆ ಇಳಿಯಲು ಶುರುವಾಗುತ್ತದೆ. ಪಂಪು ಕಟ್ಟಿದೆಯೋ, ಸೆನ್ಸರಿಗೇ ಸುಣ್ಣ ಹಿಡಿದಿದೆಯೋ? ನಾನು ಒಮ್ಮೆ ಸೆನ್ಸರಿನ ಮಾತು ಕೇಳಿ ಚೆನ್ನಾಗಿದ್ದ ಪಂಪನ್ನು ಮೂರು ಸಲ ಬಿಚ್ಚಿ ತೊಳೆದೆ. ತಪ್ಪು ಚಕ್ರದ ಕಡ್ಡಿಯದಾಗಿತ್ತು, ಸುತ್ತ ಪುಟ್ಟ ಬಿಳಿ ಕೊಳವೆ ಹುಳುಗಳು ಗೂಡು ಕಟ್ಟಿದ್ದವು. ಈಗ ಮೊದಲು ನೋಡುವುದು ಓವರ್‌ಫ್ಲೋ ಪೆಟ್ಟಿಗೆಯನ್ನು. ಸೈಫನ್ ಡ್ರೇನ್ ಇರುವ ಪೆಟ್ಟಿಗೆಯಲ್ಲಿ, ವಾಲ್ವ್ ಮುಟ್ಟದೆ ಇದ್ದರೆ, ನೀರಿನ ಮಟ್ಟ ಹರಿವಿನ ಜೊತೆಗೇ ಏರಿಳಿಯುತ್ತದೆ. ಸರಿಯಾಗಿದ್ದ ದಿನದ ಮಟ್ಟಕ್ಕೆ ಒಂದು ಗೀಟು ಎಳೆದಿಡಿ. ಸೆನ್ಸರ್ ಕಡಿಮೆ ಅನ್ನುತ್ತಿದೆ, ಪೆಟ್ಟಿಗೆಯ ನೀರು ಗೀಟಿನಲ್ಲೇ ಇದೆ ಅಂದರೆ ಸುಳ್ಳು ಸೆನ್ಸರಿನದು. ನೀರೂ ಇಳಿದಿದ್ದರೆ ಪಂಪು ಬಿಚ್ಚಿ.

ಸೆನ್ಸರ್ ತೊಳೆಯಲು ಬಿಳಿ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಬೆರೆಸಿದ ನೀರು ಸಾಕು. ಒಂದೆರಡು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ, ಚೆನ್ನಾಗಿ ತೊಳೆಯಿರಿ. ವೈರಿನ ಕಡೆ ನೆನೆಸಬೇಡಿ.

ಹಾಗಾದರೆ ನಿಮ್ಮ ಪೈಪಿಗೆ ನಾನು ಹೇಳುವುದು ಇಷ್ಟು. ಪಂಪು, ಎಲ್ಬೋ, ಎನ್‌ಆರ್‌ವಿ, ಯುವಿ ಟೀ ಎಲ್ಲ ಕೆಳಗೆ ಇದ್ದ ಹಾಗೇ ಇರಲಿ, ಈಗಿನ ಸೆನ್ಸರಿನ ಜಾಗಕ್ಕೆ ಪೈಪು ತುಂಡು ಹಾಕಿ. ಟ್ಯಾಂಕಿನ ಹಿಂದೆ ಪೈಪು ನೆಟ್ಟಗಾದ ಜಾಗದಿಂದ 35–40 ಸೆಂಟಿಮೀಟರ್ ಮೇಲೆ ಯೂನಿಯನ್, ಸೆನ್ಸರ್, ಯೂನಿಯನ್. ಅಲ್ಲಿಂದ 15 ಸೆಂಟಿಮೀಟರ್ ಬಿಟ್ಟು ಬಾಲ್ ವಾಲ್ವ್, ಆಮೇಲೆ ಕವಲು. ಅಷ್ಟು ಜಾಗ ಇಲ್ಲದಿದ್ದರೆ ಕಡಿತ ಮೇಲಿನ 15ರಲ್ಲಿ ಆಗಲಿ, ಕೆಳಗಿನ 35ರಲ್ಲಿ ಬೇಡ. ಟ್ಯಾಂಕನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಪೈಪು ಕತ್ತರಿಸುವ ಮುಂಚೆ ಅಲ್ಲಿ ಕೈ ತೂರಿಸಿ ಯೂನಿಯನ್ ತಿರುಗಿಸಲು ಆಗುತ್ತದಾ ನೋಡಿಕೊಳ್ಳಿ. ಮತ್ತೆ, ಎರಡು ಯೂನಿಯನ್‌ಗಳ ನಡುವೆ ಸರಿಯಾಗಿ ಕೂರುವಷ್ಟೇ ಉದ್ದದ ಒಂದು ಪೈಪು ತುಂಡನ್ನೂ ಇವತ್ತೇ ಮಾಡಿಟ್ಟುಕೊಳ್ಳಿ. ಸೆನ್ಸರ್ ವಿನೆಗರಿನಲ್ಲಿ ನೆನೆಯುತ್ತಿರುವಾಗ ಆ ತುಂಡು ಹಾಕಿ ಪಂಪು ಓಡಿಸಬಹುದು.